ಸೊಂಟ ಮುರಿದವರಿಗೆ ವಯಸ್ಸೊಂದೇ ಲೆಕ್ಕವಲ್ಲ

ಮಾನ್ಯ ಸಂಪಾದಕರೇ,

ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಹಿರಿಯರನ್ನು ಕರೆತಂದವರು ಮೊದಲು ಕೇಳುವುದು, ‘ಈ ವಯಸ್ಸಲ್ಲಿ ಆಪರೇಷನ್ ತಡ್ಕೋತಾರಾ ಡಾಕ್ಟ್ರೇ?’ ಎಂದು. ವಯಸ್ಸನ್ನಷ್ಟೇ ನೋಡಿ ಇದಕ್ಕೆ ಉತ್ತರ ಹೇಳುವುದು ತಪ್ಪು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ರೂಪಿಸಿ 2008ರಲ್ಲಿ ಪ್ರಕಟಿಸಿದ ಅಂಕಪಟ್ಟಿಯೊಂದಿದೆ. ಆಪರೇಷನ್ ಆದ 30 ದಿನಗಳಲ್ಲಿ ಜೀವಕ್ಕಿರುವ ಅಪಾಯವನ್ನು ಅದರಿಂದ ಅಂದಾಜು ಮಾಡಬಹುದು. ವಯಸ್ಸು 66ರಿಂದ 85 ಇದ್ದರೆ 3 ಅಂಕ, ಅದಕ್ಕೂ ಮೇಲಾದರೆ 4. ಗಂಡಸಾಗಿದ್ದರೆ, ದಾಖಲಾದಾಗ ಹಿಮೋಗ್ಲೋಬಿನ್ 10 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ನೆನಪಿನ ಪರೀಕ್ಷೆಯಲ್ಲಿ ಹತ್ತಕ್ಕೆ ಆರು ದಾಟದಿದ್ದರೆ, ವೃದ್ಧಾಶ್ರಮದಲ್ಲಿದ್ದರೆ, ಹೃದಯ, ಶ್ವಾಸಕೋಶ, ಮೂತ್ರಪಿಂಡದಂಥ ಕಾಯಿಲೆ ಎರಡಾದರೂ ಇದ್ದರೆ, ಕ್ಯಾನ್ಸರ್ ಬಂದಿದ್ದರೆ ತಲಾ 1. ಹೃದಯ, ಮೂತ್ರಪಿಂಡ ಎರಡರ ತೊಂದರೆಯೂ ಇರುವ, ಹಿಮೋಗ್ಲೋಬಿನ್ 9.2ಕ್ಕೆ ಇಳಿದ 82ರ ಅಜ್ಜಿಗೆ ಒಟ್ಟು 5. ರಕ್ತ ಸಿದ್ಧವಿಟ್ಟುಕೊಂಡು, ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಿ ಮುಂದುವರಿಯಬೇಕಾದ ಅಂಕಿ ಇದು. ಮನೆಗೆ ಕಳಿಸಲು ಇದು ಕಾರಣವಾಗಬಾರದು.

ಆದರೆ ಈ ಪಟ್ಟಿ ನಮ್ಮಲ್ಲಿ ಒಂದು ಮುಖ್ಯ ಸಂಗತಿಯನ್ನು ಹಿಡಿಯುವುದಿಲ್ಲ: ಬಿದ್ದು ಎಷ್ಟು ದಿನವಾಯಿತು? ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೂ ಎಣ್ಣೆ ತಿಕ್ಕಿ, ಪಟ್ಟು ಕಟ್ಟಿಸಿ ವಾರ ಕಳೆಯುತ್ತಾರೆ. ಅಷ್ಟರಲ್ಲಿ ಬೆನ್ನ ಕೆಳಗೆ ಹುಣ್ಣು, ಎದೆಯಲ್ಲಿ ಕಫ, ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ. ಆಸ್ಪತ್ರೆಯೊಳಗೂ ತಡವಾಗುತ್ತದೆ. ರಕ್ತ ತೆಳುವಾಗಿಸುವ ಕ್ಲೋಪಿಡೋಗ್ರೆಲ್ ನಿಲ್ಲಿಸಿ ಏಳು ದಿನ ಕಾಯಿಸುವುದು ಈಗಲೂ ಕಾಣಸಿಗುತ್ತದೆ. ಆ ಒಂದೇ ಮಾತ್ರೆಗಾಗಿ ಸೊಂಟದ ಆಪರೇಷನ್ ಮುಂದೂಡಬೇಕಿಲ್ಲ. ದಾಖಲಾದ ದಿನ ಅಥವಾ ಮರುದಿನ ಆಪರೇಷನ್ ಆಗಬೇಕು.

ಸರದಿ ಮುಂದೆ ಹೋದಂತೆಲ್ಲ ಹಿರಿಯರನ್ನು ರಾತ್ರಿಯಿಂದ ಸಂಜೆವರೆಗೆ ಬರಿಹೊಟ್ಟೆಯಲ್ಲಿ ಇಡುವುದೂ ಉಂಟು. ಊಟಕ್ಕೆ ಆರು ಗಂಟೆ, ನೀರಿಗೆ ಎರಡು ಗಂಟೆ ಬಿಡುವು ಸಾಮಾನ್ಯವಾಗಿ ಸಾಕು. ನೀರಿಲ್ಲದೆ, ನೋವು ತಗ್ಗದೆ, ಕನ್ನಡಕವೂ ಕೈಗೆ ಸಿಗದೆ ಮಲಗಿದ ತಾತ ರಾತ್ರಿ ಹೊದಿಕೆ ಕೀಳುತ್ತ ಮಗನನ್ನೇ ಗುರುತಿಸದಿದ್ದರೆ ಅದನ್ನು ಅರಳುಮರಳು ಎಂದು ಬಿಟ್ಟುಬಿಡಬೇಡಿ, ಕೂಡಲೇ ನರ್ಸ್‌ಗೆ ಹೇಳಿ. ತೊಡೆಸಂದಿಯ ಬಳಿ ಕೊಡುವ ನರದ ಇಂಜೆಕ್ಷನ್ ನೋವು ತಗ್ಗಿಸುತ್ತದೆ. ಅದನ್ನು ಕೇಳಿ ಪಡೆಯಿರಿ.

ಪ್ರತಿ ಆಸ್ಪತ್ರೆಯೂ ದಾಖಲಾತಿಯ ದಿನವೇ ಕೇಸ್ ಶೀಟಿನ ಮೊದಲ ಪುಟದಲ್ಲಿ ಈ ಅಂಕ, ಬಿದ್ದ ಸಮಯ, ಬೀಳುವ ಮುನ್ನ ಎಷ್ಟು ನಡೆಯುತ್ತಿದ್ದರು ಎಂಬ ಮೂರನ್ನೂ ಬರೆದು ಮನೆಯವರಿಗೆ ಓದಿ ಹೇಳಬೇಕು. ಕೋಲಿಲ್ಲದೆ ಅಂಗಡಿಗೆ ಹೋಗಿಬರುತ್ತಿದ್ದವರನ್ನು ಆಪರೇಷನ್ನಿನ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಬೇಕು.

– ಮೂಳೆ ಹಾಗೂ ವೃದ್ಧಾಪ್ಯ ಚಿಕಿತ್ಸಾ ವೈದ್ಯರು, ಮೈಸೂರು