ಬ್ಯಾಗಲ್ಲಿ ಮನೆಗೆ ಬಂದ ಒಂಬತ್ತನೇ ಪುಸ್ತಕ: ಪೋಷಕರಿಗೆ ಪತ್ರ

ನಮಸ್ಕಾರ ಎಲ್ರಿಗೂ,

ಕಳೆದ ಭಾನುವಾರ ಕನ್ನಡ ಕ್ಲಾಸಿಗೆ ಅರ್ಧಕ್ಕರ್ಧ ಮಕ್ಕಳು ಬರ್ಲಿಲ್ಲ, ಬಂದೋರೂ ಹನ್ನೊಂದೂವರೆಯಿಂದ ಗಡಿಯಾರ ನೋಡ್ತಾ ಕೂತಿದ್ರು. ಅವತ್ತು ಸೂಪರ್ ಬೌಲ್, ಅಮೆರಿಕನ್ ಫುಟ್‌ಬಾಲ್ ಫೈನಲ್, ಅಂತ ನಂಗೂ ಗೊತ್ತು, ನಾವೂ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದವ್ರೇ, ನಮ್ಮನೇಲೂ ಕೆಂಪು ಜರ್ಸಿ ಹಾಕ್ಕೊಂಡೇ ದೋಸೆ ತಿಂದಿದ್ದು. ನಮ್ಮ ಫಾರ್ಟಿನೈನರ್ಸ್ ಟೀಮಿನೋರು ಸೋತ್ರು, ಬಿಡಿ. ನಾನು ಬರೀತಿರೋದು ಬೇರೆ ವಿಷ್ಯ.

ಅವತ್ತು ಒತ್ತಕ್ಷರ ಬರೆಸ್ತಿದ್ದಾಗ ಒಬ್ಬ ಹುಡುಗ ಡೆಸ್ಕ್ ಕೆಳಗೆ ಒಂದು ದಪ್ಪ ಪುಸ್ತಕ ಇಟ್ಕೊಂಡು ಓದ್ತಿದ್ದ, ನಾನು ಕಿತ್ಕೊಂಡು ಕ್ಲಾಸ್ ಮುಗಿದ್ಮೇಲೆ ಕೊಡ್ತೀನಿ ಅಂದೆ, ಆಮೇಲೆ ಮರ್ತೇಹೋಯ್ತು, ಅದು ಹಾಜರಿ ಪುಸ್ತಕದ ಜೊತೆ ನನ್ನ ಬ್ಯಾಗಲ್ಲಿ ಮನೆಗೇ ಬಂದ್ಬಿಟ್ಟಿದೆ. ರಾತ್ರಿ ಒಂಬತ್ತಕ್ಕೆ ಅವ್ರಮ್ಮನ ಫೋನು: "ಮೇಡಂ, ಇನ್ನು ನಲವತ್ತೇ ಪೇಜ್ ಇತ್ತಂತೆ, ಊಟಾನೇ ಬೇಡ ಅಂತಿದಾನೆ." ತಪ್ಪು ನಂದೇ. ಬೆಳಿಗ್ಗೆ ಕೆಲಸಕ್ಕೆ ಹೋಗೋ ದಾರೀಲಿ ಕೊಟ್ಟು ಬಂದೆ, ಬಾಗಿಲಲ್ಲೇ ನಿಂತಿದ್ದ, ಥ್ಯಾಂಕ್ಸ್ ಕೂಡ ಹೇಳ್ದೆ ಇಸ್ಕೊಂಡು ಒಳಗೆ ಓಡಿದ.

ಆ ಪುಸ್ತಕ ಕಾಜು ಕಿಬುಯಿಶಿ ಅವ್ರ ಆಮ್ಯುಲೆಟ್ ಅನ್ನೋ ಇಂಗ್ಲಿಷ್ ಕಾಮಿಕ್ಸ್ ಸರಣಿಯ ಒಂಬತ್ತನೇದು, ಕೊನೇದು. ವೇವ್‌ರೈಡರ್ ಅಂತ ಹೆಸ್ರು, 2024ರ ಫೆಬ್ರವರಿ 6ಕ್ಕೆ ಬಂದಿದೆ. ಇದೇ ವಾರ ಇಬ್ರು ಪೋಷಕರು ಇಮೇಲ್ ಬೇರೆ ಮಾಡಿದಾರೆ, ಒಬ್ರು "ಕನ್ನಡ ಕಲೀಲಿ ಅಂತ ಕಳಿಸಿದ್ರೆ ಕಾಮಿಕ್ಸ್ ಓದ್ಕೊಂಡ್ ಬರ್ತಾನೆ" ಅಂತ, ಇನ್ನೊಬ್ರು "ಅಮ್ಮನ್ನ ಯಾವ್ದೋ ಭೂತ ನುಂಗೋ ಕಥೆ ಇದೆ, ಚಿಕ್ಕವಳಿಗೆ ರಾತ್ರಿ ನಿದ್ದೆ ಬರಲ್ಲ" ಅಂತ. ಇಬ್ರಿಗೂ ಬೇರೆ ಬೇರೆ ಉತ್ತರ ಬರೆಯೋ ಬದ್ಲು ಎಲ್ರಿಗೂ ಒಟ್ಟಿಗೆ ಬರೀತಿದೀನಿ.

ಆ ರಾತ್ರಿ ಪುಸ್ತಕ ತೆಗೆದು ನೋಡಿದ್ರೆ ತಲೆಬುಡ ಅರ್ಥ ಆಗ್ಲಿಲ್ಲ. ಒಂಬತ್ತನೇದ್ರಿಂದ ಶುರು ಮಾಡಿದ್ರೆ ಇನ್ನೇನಾಗುತ್ತೆ. ಲೈಬ್ರರಿಗೆ ಹೋಗಿ ಮೊದ್ಲಿನೆರಡು ತಂದು ಓದಿದೆ. ಮೊದಲನೇದು ಬಂದಿದ್ದು 2008ರಲ್ಲಿ. ಶುರುವಲ್ಲೇ ಎಮಿಲಿ ಅನ್ನೋ ಹುಡುಗಿ ಅಪ್ಪ ಅಮ್ಮನ ಜೊತೆ ಕಾರಲ್ಲಿ ಹೋಗ್ತಿರ್ತಾಳೆ, ಕಾರು ರಸ್ತೆ ಬಿಟ್ಟು ಜಾರುತ್ತೆ, ಇವ್ರಿಬ್ರು ಹೊರಗೆ ಬರ್ತಾರೆ, ಅಪ್ಪನ ಕಾಲು ಸಿಕ್ಕಾಕ್ಕೊಂಡಿರುತ್ತೆ, ಕಾರು ಕೆಳಗೆ ಬೀಳುತ್ತೆ. ಭೂತ ಬರೋದು ಆಮೇಲೆ, ಮುತ್ತಜ್ಜನ ಹಳೇ ಮನೆಗೆ ಹೋದ್ಮೇಲೆ. ಮಕ್ಕಳಿಗೆ ನಿದ್ದೆ ಕೆಡ್ಸೋದು ಭೂತ ಅಂತ ನೀವು ಅಂದ್ಕೊಂಡಿದೀರ, ನಂಗೇನೋ ಆ ಕಾರು ಅನ್ಸುತ್ತೆ. ನಮ್ಮಲ್ಲಿ ಈ ವರ್ಷ ಅಜ್ಜಿ ತಾತನ್ನ ಕಳ್ಕೊಂಡ ಮಕ್ಕಳಿದಾರೆ, ವಿಡಿಯೋ ಕಾಲಲ್ಲೇ ಎಲ್ಲಾ ನೋಡಿದೋರು. ಅದಕ್ಕೇ ಒಂದನೇ ಕ್ಲಾಸಿನ ತಮ್ಮ ತಂಗೀರ ಕೈಗೆ ಸುಮ್ನೆ ಕೊಟ್ಬಿಡ್ಬೇಡಿ, ಕೊಟ್ರೆ ಪಕ್ಕದಲ್ಲಿ ಕೂತ್ಕೊಳ್ಳಿ. ಮೂರನೇ ಕ್ಲಾಸ್ ದಾಟಿದೋರಿಗೆ ಪರವಾಗಿಲ್ಲ ಅಂತ ನನ್ನ ಅಭಿಪ್ರಾಯ, ನಿಮ್ಮ ಮಗು ನಿಮಗೇ ಗೊತ್ತು.

ಇನ್ನು ಕಾಮಿಕ್ಸ್ ಅನ್ನೋ ದೂರು. ಬಾಲಮಂಗಳದ ಡಿಂಗನ್ನ ಗಣಿತದ ಪುಸ್ತಕದೊಳಗಿಟ್ಟು ಓದಿದೋರು ಈ ಪೋಷಕರ ಗ್ರೂಪಲ್ಲಿ ಎಷ್ಟು ಜನ ಇದೀರ ಅಂತ ಕೈ ಎತ್ತಿಸ್ಬೇಕು ಅನ್ಸುತ್ತೆ! ನಾನೇ ಮೊದ್ಲು ಎತ್ತೀನಿ.

ಅವತ್ತು ಮಿಕ್ಕ ಮಕ್ಕಳು "ಆಂಟಿ ಆ ಬುಕ್ ಸಖತ್ತಾಗಿದೆ" ಅಂತ ಗಲಾಟೆ ಮಾಡಿದಾಗ ಒತ್ತಕ್ಷರ ಹೇಗಿದ್ರೂ ಹಾಳಾಯ್ತಲ್ಲ ಅಂತ, ಸರಿ ಕಥೆ ಹೇಳಿ, ಆದ್ರೆ ಕನ್ನಡದಲ್ಲೇ ಹೇಳ್ಬೇಕು ಅಂದೆ. ಆಮೇಲಿನ ಇಪ್ಪತ್ತು ನಿಮಿಷ ಈ ವರ್ಷದ ಬೆಸ್ಟ್ ಕ್ಲಾಸು. ಆಮ್ಯುಲೆಟ್‌ಗೆ ಕನ್ನಡದಲ್ಲೇನು ಅಂತ ಕೇಳಿದ್ರೆ ಒಬ್ಳು ಮೊದ್ಲು ಲಾಕೆಟ್ ಅಂದ್ಳು, ಇನ್ನೊಬ್ಬ ತನ್ನ ಟೀಶರ್ಟ್ ಎತ್ತಿ ಸೊಂಟದ ಕಪ್ಪು ದಾರ ತೋರ್ಸಿ "ಅಜ್ಜಿ ಕಟ್ಟಿದ್ದು, ತಾಯ್ತ" ಅಂದ. ಅದೇ ಕಣೋ ಅಂದೆ. ಕಾರು ಬೀಳೋ ಪ್ರಪಾತಕ್ಕೆ ಮಾತು ಗೊತ್ತಿಲ್ದೆ ಒಬ್ಳು "ಗುಡ್ಡ ಮುಗಿಯೋ ಜಾಗ" ಅಂದ್ಳು, ನಾನು ತಿದ್ದಲಿಲ್ಲ. ಕಥೇಲಿ ಬರೋ ಎಲ್ಫ್‌ಗಳು "ಉದ್ದ ಕಿವಿಯೋರು" ಆದ್ರು. ಎರಡನೇ ಪುಸ್ತಕದಲ್ಲಿ ವಿಷ ಏರಿದ ಅಮ್ಮನಿಗೆ ಯಾವ್ದೋ ಮರದ ಹಣ್ಣು ತರಕ್ಕೆ ಹೋಗ್ತಾರಲ್ಲ, ಅಲ್ಲಿಗೆ ಬಂದಾಗ ಹಿಂದಿನ ಬೆಂಚಿಂದ "ಹನುಮಂತ ಆಗಿದ್ರೆ ಮರಾನೇ ಕಿತ್ಕೊಂಡ್ ಬರ್ತಿದ್ದ" ಅಂತ ಒಂದು ದನಿ. ಕಥೇಲಿ ಎಮಿಲಿ ಹಾಕ್ಕೊಳ್ಳೋ ತಾಯ್ತದ ಕಲ್ಲಿಗೊಂದು ದನಿ ಇದೆ, ಅವಳ ಜೊತೆ ಮಾತಾಡುತ್ತೆ, ಶಕ್ತಿ ಕೊಡ್ತೀನಿ ಅನ್ನುತ್ತೆ, ಕೊಡ್ತಾ ಕೊಡ್ತಾ ಅವಳನ್ನೇ ಹಿಡ್ಕೊಳ್ಳಕ್ಕೆ ನೋಡುತ್ತೆ. ನಂಗೆ ಚಂದಮಾಮದ ಬೇತಾಳ ನೆನಪಾದ. ಮಕ್ಕಳಿಗೆ ಬೇತಾಳನ ಕಥೆ ಹೇಳಿದೆ, ಅವ್ರು "ಬೇತಾಳ ಬರೀ ಪ್ರಶ್ನೆ ಕೇಳ್ತಾನೆ, ಪಾಪ, ಒಳ್ಳೆಯವನು" ಅಂತ ತೀರ್ಪು ಕೊಟ್ರು.

ಚಿಕ್ಕವರ ಕ್ಲಾಸಿಗೆ ಸಹಾಯಕ್ಕೆ ಬರೋ ನಮ್ಮ ಹಳೇ ಸ್ಟೂಡೆಂಟ್ ಒಬ್ಳಿದಾಳೆ, ಈಗ ಒಂಬತ್ತನೇ ಕ್ಲಾಸು. ಎಂಟನೇ ಪುಸ್ತಕ 2018ರಲ್ಲಿ ಬಂದಾಗ ಅವಳಿನ್ನೂ ನಾಲ್ಕನೇ ಕ್ಲಾಸು. ಅಷ್ಟು ವರ್ಷ ಕಾಯ್ದು, ಈಗ ತಮ್ಮನ ಹೆಸ್ರಲ್ಲಿ ತರಿಸ್ಕೊಂಡು ತಾನೇ ಮೊದ್ಲು ಓದಿದಾಳೆ. ಬರೆಯೋರು ಯಾಕಿಷ್ಟು ತಡ ಮಾಡಿದ್ರು ಅಂತ ಮಕ್ಕಳು ಬೈಕೋತಿದ್ರು. ತಡಕ್ಕೆ ಕಾರಣ ನಾನು ಹೇಳಕ್ಕಾಗಲ್ಲ, ಆದ್ರೆ ಈ ಮನುಷ್ಯ 2012ರಲ್ಲಿ ಮೆನಿಂಜೈಟಿಸ್, ಅಂದ್ರೆ ಮೆದುಳಿನ ಪೊರೆಯ ಉರಿಯೂತ, ಆಗಿ ಕೋಮಾಕ್ಕೆ ಹೋಗಿ ವಾಪಸ್ ಬಂದವ್ರು, ಆಗಿನ್ನೂ ಐದನೇ ಪುಸ್ತಕದ ಕಾಲ, ಆಮೇಲೂ ಕೂತು ನಾಲ್ಕು ಪುಸ್ತಕ ಮುಗಿಸಿದಾರೆ ಅಂತ ಹೇಳಿದಾಗ ಸ್ವಲ್ಪ ಹೊತ್ತು ಎಲ್ರೂ ಸುಮ್ನಾದ್ರು.

ಸರಿ, ಈಗ ಕೆಲಸದ ಮಾತು. ಬರೋ ಭಾನುವಾರ ಪ್ರೆಸಿಡೆಂಟ್ಸ್ ಡೇ ಲಾಂಗ್ ವೀಕೆಂಡು, ಕ್ಲಾಸ್ ಇಲ್ಲ. 25ನೇ ತಾರೀಕು ಕೊನೆ ಅರ್ಧ ಗಂಟೆ ಈ ಸರಣಿಗೇ ಇಟ್ಟಿದೀನಿ, ಪುಸ್ತಕ ಧಾರಾಳವಾಗಿ ತರಲಿ, ಡೆಸ್ಕ್ ಮೇಲೇ ಇರಲಿ. ಪ್ರತಿಯೊಬ್ರೂ ಇಷ್ಟದ ಒಂದು ಪುಟದ ಚಿತ್ರಗಳಲ್ಲಿ ಬಲೂನಿನೊಳಗೆ ಬರೆದಿರೋ ಮಾತನ್ನ ಕನ್ನಡದಲ್ಲಿ ಚೀಟಿ ಮೇಲೆ ಬರೆದು ತರ್ಬೇಕು, ತಪ್ಪಿದ್ರೂ ಪರವಾಗಿಲ್ಲ, ಗೂಗಲ್ ಟ್ರಾನ್ಸ್‌ಲೇಟ್ ಮಾತ್ರ ಬೇಡ, ಅದು ಬರೆದಿದ್ದು ನಂಗೆ ದೂರದಿಂದಲೇ ಗೊತ್ತಾಗುತ್ತೆ. ಊರಲ್ಲಿರೋ ಅಜ್ಜಿಗೆ ಫೋನ್ ಮಾಡಿ ಕೇಳಿದ್ರೆ ಇನ್ನೂ ಒಳ್ಳೇದು. ಓದದೇ ಇರೋ ಮಕ್ಕಳಿಗೆ ಯಾವ ಪುಸ್ತಕ ಆದ್ರೂ ನಡೆಯುತ್ತೆ. ಕೊನೇ ಪುಸ್ತಕದ ಕೊನೆ ಮಾತ್ರ ಯಾರೂ ಹೇಳೋ ಹಾಗಿಲ್ಲ, ನಾನಿನ್ನೂ ಮೂರನೇದಕ್ಕೆ ಲೈಬ್ರರಿ ಕ್ಯೂನಲ್ಲಿದೀನಿ. ಯಾರ ಮನೇಲಾದ್ರೂ ಮೂರನೇದಿದ್ರೆ ಎರಡು ದಿನಕ್ಕೆ ಕೊಡಿ, ಈ ಸಲ ಮರೀದೆ ವಾಪಸ್ ಕೊಡ್ತೀನಿ.

ಇಂತಿ,
ನಿಮ್ಮ ಮುಖ್ಯ ಶಿಕ್ಷಕಿ

ಒತ್ತಕ್ಷರದ ಹೋಮ್‌ವರ್ಕ್ ಹಾಗೇ ಇದೆ, ಅದನ್ನ ನಾನು ಮರ್ತಿಲ್ಲ.