ಟೊಮೆಟೊ ದರದ ಫೀಡ್ ಸರಿಮಾಡಿ ಅಂತ ಇದು ಕೊನೇ ಸಲ ಕೇಳುತ್ತಿದ್ದೇನೆ

ಸಪೋರ್ಟ್ ಮ್ಯಾನೇಜರ್ ಅವರಿಗೆ,

ಕೋಲಾರ ಎಪಿಎಂಸಿಯ ಟೊಮೆಟೊ ದರದ ಫೀಡನ್ನು, ಅಂದರೆ ದರ ಇರುವ ಫೈಲನ್ನು, ನಿಮ್ಮಿಂದ ದುಡ್ಡು ಕೊಟ್ಟು ತಗೊಂಡು ಸುತ್ತಲಿನ ರೈತರ ಮೊಬೈಲಿಗೆ ಕಳಿಸುವವನು ನಾನು. 15 ಕೆಜಿ ಬಾಕ್ಸಿಗೆ ಎಷ್ಟು ಅಂತ ಬೆಳಿಗ್ಗೆ ಗೊತ್ತಾದರೆ ತಾನೇ ಗಾಡಿ ಕಳಿಸೋದು? ಮೂರು ವಾರದಿಂದ ಅದೇ ಹೋಗುತ್ತಿಲ್ಲ.

ಜೇಸನ್ ಅಂದರೆ ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಮಾಹಿತಿ ಕಳಿಸಲು ಬರೆಯುವ ಕಟ್ಟುನಿಟ್ಟಾದ ರೂಪ. ನೀವು ಜೇಸನ್ ಅಂತ ಹೇಳಿ ಕಳಿಸುತ್ತಿರುವುದು ಜೇಸನ್ ಅಲ್ಲ, ಜಾವಾಸ್ಕ್ರಿಪ್ಟ್ ಕೋಡಿನಲ್ಲಿ ಬರೆಯುವ ಆಬ್ಜೆಕ್ಟ್. ಕೀಗಳಿಗೆ, ಅಂದರೆ ಪ್ರತಿ ಮಾಹಿತಿಯ ಮುಂದಿರುವ ಗುರುತಿನ ಪದಗಳಿಗೆ, ಡಬಲ್ ಕೋಟ್ ಇಲ್ಲ, ಹೆಸರುಗಳಿಗೆ ಸಿಂಗಲ್ ಕೋಟ್, ಕೊನೆಯಲ್ಲಿ ಒಂದು ಕಾಮಾ ಜಾಸ್ತಿ. ಆ ಕಾಮಾ ನೋಡಿದರೇ ಗೊತ್ತಾಗುತ್ತದೆ, ಲೂಪ್‌ನಲ್ಲಿ ಒಂದೊಂದು ಸಾಲಿನ ಕೊನೆಗೂ ಕಾಮಾ ಹಾಕುತ್ತಾ ಕೈಯಾರೆ ಸ್ಟ್ರಿಂಗ್ ಜೋಡಿಸುತ್ತಿದ್ದೀರಿ. ಜೇಸನ್ ನಿಯಮಗಳನ್ನು ಬರೆದಿಟ್ಟಿರುವ 2017ರ ಆರ್‌ಎಫ್‌ಸಿ 8259ರಲ್ಲಿ ಇದ್ಯಾವುದಕ್ಕೂ ಅವಕಾಶ ಇಲ್ಲ, ನಿಮಗೆ ಗೊತ್ತಿರುವ ವಿಷಯವೇ.

ಸೋಮವಾರ ಬೆಳಿಗ್ಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಕಾಯಿಸಿದರು. ಆಮೇಲೆ ಒಬ್ಬರು ಬಂದು "ನಮ್ಮ ಬ್ರೌಸರಲ್ಲಿ ಬರ್ತಿದೆಯಲ್ಲ" ಅಂದರು. ಜಾವಾಸ್ಕ್ರಿಪ್ಟ್ ಕೋಡ್ ಅಂತ ಓದಿಸಿದರೆ ಓದುತ್ತದೆ ಸರ್, ಜೇಸನ್ ಓದುವ ಪ್ರೋಗ್ರಾಂ, ಅದೇ ಪಾರ್ಸರ್, ಓದಲ್ಲ ಅಂದೆ. "ನೀವು ಏನು ಓದಿರೋದು?" ಅಂತ ಕೇಳಿದರು. ಡಿಪ್ಲೊಮಾ ಅಂದೆ. "ಎಲ್ಲಿ?" ಕೋಲಾರ ಅಂದೆ. ಆಗ ಮ್ಯೂಟ್ ಒತ್ತದೆ ಪಕ್ಕದವರಿಗೆ "ಟೊಮೆಟೊ ಪಾರ್ಟಿ ಕಣೋ, ನಮಗೇ ಜೇಸನ್ ಹೇಳಿಕೊಡ್ತಾನೆ" ಅಂದರು. ಇಬ್ಬರೂ ನಕ್ಕರು. ನನ್ನ ಫೋನ್ ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ನಮ್ಮಪ್ಪ ಕೂತಿದ್ದರು, ಏನೂ ಮಾತಾಡದೆ ಎದ್ದು ಹೊರಗೆ ಹೋದರು.

ಮಂಗಳವಾರ ನೀವು "ಸರಿಮಾಡಿದ್ದು" ಹೇಗೆ? ಎಲ್ಲಾ ಸಿಂಗಲ್ ಕೋಟನ್ನೂ ಡಬಲ್ ಮಾಡಿಬಿಟ್ಟಿರಿ. ಇಂಗ್ಲಿಷಿನಲ್ಲಿ ಫಾರ್ಮರ್ಸ್ ಅಂತ ಬೋರ್ಡ್ ಹಾಕಿಕೊಂಡ ಮಂಡಿಯ ಹೆಸರಲ್ಲಿ ಎಸ್ ಅಕ್ಷರದ ಮುಂದಿದ್ದ ಅಪಾಸ್ಟ್ರಫಿಯೂ ಡಬಲ್ ಕೋಟ್ ಆಯಿತು, ಹೆಸರು ಅಲ್ಲೇ ತುಂಡಾಯಿತು, ಇಡೀ ಫೈಲ್ ಬೀಳೋಕೆ ಅದೊಂದೇ ಸಾಕು.

ಹುಡುಕಿ ಬದಲಾಯಿಸುವುದನ್ನು ಬಿಡಿ. ಆಬ್ಜೆಕ್ಟನ್ನು ಸೀದಾ ಜಾವಾಸ್ಕ್ರಿಪ್ಟಿನಲ್ಲೇ ಇರುವ ಜೇಸನ್ ಸ್ಟ್ರಿಂಗಿಫೈ ಫಂಕ್ಷನ್ನಿಗೆ ಕೊಡಿ, ಕೋಟ್ ಕಾಮಾ ಎಲ್ಲಾ ಅದೇ ನೋಡಿಕೊಳ್ಳುತ್ತದೆ. ವ್ಯಾಪಾರ ಆಗದ ದಿನ ದರಕ್ಕೆ ಅನ್‌ಡಿಫೈನ್ಡ್ ಇಡಬೇಡಿ, ಸ್ಟ್ರಿಂಗಿಫೈ ಆ ಕೀಯನ್ನೇ ಕಿತ್ತುಹಾಕುತ್ತದೆ. ನಲ್, ಅಂದರೆ ಖಾಲಿ ಅನ್ನುವ ಗುರುತು, ಇಡಿ, ಕೀ ಉಳಿಯುತ್ತದೆ. ಇಷ್ಟೇ ಕೆಲಸ.

ಶುಕ್ರವಾರದೊಳಗೆ ಫೀಡ್ ಸರಿಹೋಗಬೇಕು, ಮೂರು ವಾರದ ದುಡ್ಡು ವಾಪಸ್ ಬರಬೇಕು. ಇಲ್ಲಾಂದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನೇ. ಮುರಿದ ಒಂದೊಂದು ಫೈಲೂ ತಾರೀಖಿನ ಸಮೇತ ನನ್ನ ಹತ್ತಿರ ಇದೆ. ಸೋಮವಾರದ ಕಾಲ್ ರೆಕಾರ್ಡಿಂಗ್ ಕೂಡ ಇದೆ. ಆ ನಗುವನ್ನು ಆಯೋಗದ ಮುಂದೆ ಕೇಳಿಸುತ್ತೇನೆ.