ಪರಿಚಿತರಿಗೆ ಮಾರುವಾಗ ‘ಬೇಡ’ ಎನ್ನಲು ದಾರಿ ಇರಲಿ

ಮಾನ್ಯ ಸಂಪಾದಕರೇ,

ಮನೆಯಲ್ಲಿಯೇ ಏನಾದರೂ ತಯಾರಿಸಿಯೋ ತರಿಸಿಯೋ ಮಾರಿ ನಾಲ್ಕು ಕಾಸು ಸಂಪಾದಿಸುವ ಗೃಹಿಣಿಯರು, ನಿವೃತ್ತರು, ನೌಕರಿಯ ಜೊತೆಗೆ ಸಣ್ಣ ವ್ಯಾಪಾರ ನಡೆಸುವ ತರುಣರು ಈಗ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಧಾರವಾಡದ ನಮ್ಮ ಓಣಿಯಲ್ಲೇ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ ಮಾಡಿಕೊಡುವವರು, ಇಳಕಲ್ ಸೀರೆ ತರಿಸಿ ಕಂತಿನ ಮೇಲೆ ಕೊಡುವವರು, ವಿಮೆ ಪಾಲಿಸಿ ಮಾಡಿಸುವವರು, ಯಾವುದೋ ಕಂಪನಿಯ ಪ್ರೋಟೀನ್ ಪುಡಿಯ ಡಬ್ಬಿ ಹಿಡಿದು ಬರುವವರು ಸಿಗುತ್ತಾರೆ. ನಾನೂ ಚಟ್ನಿಪುಡಿ ಮಾರುವವಳು. ಉಳಿದವರಿಂದ ಕೊಳ್ಳುವವಳೂ ಹೌದು. ಇಂಥ ವ್ಯಾಪಾರಕ್ಕೆ ಮೊದಲ ಗಿರಾಕಿಗಳು ಬಂಧುಗಳು, ನೆರೆಯವರು, ಜೊತೆಗೆ ಕೆಲಸ ಮಾಡುವವರು. ಇದರಲ್ಲಿ ತಪ್ಪೇನೂ ಇಲ್ಲ, ನಾಚಿಕೊಳ್ಳಬೇಕಾದ್ದೂ ಇಲ್ಲ. ಆದರೆ ಅಂಗಡಿಯಲ್ಲಿ ಸರಾಗವಾಗಿ ‘ಬೇಡ’ ಎಂದು ಹೊರಬರುವ ಮನುಷ್ಯನೇ ಪರಿಚಿತರ ಎದುರು ಮುಲಾಜಿಗೆ ಬಿದ್ದು ಕೊಳ್ಳುತ್ತಾನೆ, ಮನೆಗೆ ಬಂದು ಗೊಣಗುತ್ತಾನೆ, ಮುಂದಿನ ಸಲ ನಮ್ಮನ್ನು ಕಂಡರೆ ದಾರಿ ಬದಲಿಸುತ್ತಾನೆ. ಹೀಗಾಗದಂತೆ ನೋಡಿಕೊಳ್ಳುವ ಹೊಣೆ ಮೊದಲು ಮಾರುವವರದೇ ಎಂಬುದು ನನ್ನ ಅಭಿಪ್ರಾಯ. ಆ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತು ಹೇಳಬಯಸುತ್ತೇನೆ.

ಕೇಳುವುದರಿಂದಲೇ ಒತ್ತಡವಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದಕ್ಕಾಗಿಯೇ ಮರ್ಯಾದಸ್ತರು ಬಾಯಿಬಿಟ್ಟು ಕೇಳಲಾರದೆ ಸುತ್ತಿ ಬಳಸಿ ಹೇಳಹೋಗುತ್ತಾರೆ, ಅದು ಇನ್ನಷ್ಟು ಇಕ್ಕಟ್ಟನ್ನು ತರುತ್ತದೆ. ಎದುರಿನವರಿಗೆ ನಿರಾಕರಿಸಲು ಜಾಗವೇ ಉಳಿಯದಂಥ ಸಮಯ, ಸ್ಥಳ, ಸನ್ನಿವೇಶಗಳನ್ನು ಆರಿಸಿಕೊಂಡಾಗ ಮೆತ್ತಗಿನ ಮಾತೂ ಒತ್ತಾಯವೇ ಆಗುತ್ತದೆ. ಅರಿಶಿನ-ಕುಂಕುಮಕ್ಕೆಂದು ಕರೆದು, ಉಡಿ ತುಂಬಿ, ಎಲ್ಲರೂ ಕುಳಿತಿರುವಾಗ ಸೀರೆಯ ಗಂಟು ಬಿಚ್ಚಿದರೆ ಬಂದ ಹೆಂಗಸರು ಏನು ಮಾಡಬೇಕು? ಅತ್ತೆಯ ಎದುರು, ಬೀಗರ ಎದುರು ‘ನಿಮ್ಮ ಮನೆಯವರಿಗೆ ಈ ಪಾಲಿಸಿ ಬೇಕೇ ಬೇಕು’ ಎಂದರೆ ಆ ಸೊಸೆ ಏನು ಉತ್ತರ ಕೊಡಬೇಕು? ‘ಚಹಾಕ್ಕೆ ಬರ್ರಿ, ಬಹಳ ದಿನ ಆತು’ ಎಂದು ಪ್ರೀತಿಯಿಂದ ಕರೆಸಿಕೊಂಡು, ಕಪ್ಪು ಕೆಳಗಿಡುವಷ್ಟರಲ್ಲಿ ಲ್ಯಾಪ್‌ಟಾಪ್ ತೆರೆದು ‘ಪ್ಲ್ಯಾನ್’ ತೋರಿಸುವವರ ಬಗ್ಗೆ ಹೇಳುವುದೇ ಬೇಡ. ಹೀಗೆ ಒಮ್ಮೆ ಕರೆಸಿಕೊಂಡವರ ಮನೆಯಿಂದ ಮುಂದೆ ನಿಜವಾಗಿ ಚಹಾಕ್ಕೆ ಕರೆ ಬಂದರೂ ಯಾರೂ ನಂಬುವುದಿಲ್ಲ.

ಕಂಪನಿಗಳ ಪರವಾಗಿ ಮನೆಮನೆಗೆ ಮಾರುವವರಿಗಾಗಿ ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಗ್ರಾಹಕ ಸಂರಕ್ಷಣೆ (ನೇರ ಮಾರಾಟ) ನಿಯಮಗಳನ್ನು ಹೊರಡಿಸಿದೆ. ಅದರಂತೆ ಮಾರುವವರು ಗುರುತಿನ ಚೀಟಿಯಿಲ್ಲದೆ, ಮೊದಲೇ ಸಮಯ ಕೇಳಿ ಒಪ್ಪಿಗೆ ಪಡೆಯದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ. ಮಾತು ಆರಂಭಿಸುವಾಗಲೇ ತಾವು ಯಾರು, ಯಾವ ಕಂಪನಿಯವರು, ಬಂದ ಉದ್ದೇಶವೇನು ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ಬೆಲೆ, ಹಣ ಸಂದಾಯದ ಷರತ್ತು, ಹಿಂದಿರುಗಿಸುವ ಕ್ರಮ ಎಲ್ಲವನ್ನೂ ಹೇಳಬೇಕು. ಮನೆಯಲ್ಲಿ ಚಟ್ನಿ ಕುಟ್ಟಿ ಮಾರುವ ನಮ್ಮಂಥವರಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ, ನಿಜ. ಆದರೂ ಅಪರಿಚಿತ ಏಜೆಂಟನಿಗೆ ಕಾನೂನು ವಿಧಿಸಿದ ಸೌಜನ್ಯವನ್ನು, ನೇರವಾಗಿ ಅಡುಗೆಮನೆಯವರೆಗೆ ಹೋಗುವ ಸಲುಗೆಯಿರುವ ನಾವು ನಾವಾಗಿಯೇ ಪಾಲಿಸಬಾರದೇಕೆ?

ಪರಿಚಿತರೊಡನೆ ವ್ಯಾಪಾರದ ಮಾತನ್ನು ಒಂದೇ ಉಸಿರಿನಲ್ಲಿ ಮುಗಿಸಬಹುದು. ನಮ್ಮ ಕಡೆಯ ಆಡುಮಾತಿನಲ್ಲಿ ಅದು ಹೀಗಿರುತ್ತದೆ: ‘ವೈನಿ, ನಾ ಈಗ ಮನ್ಯಾಗ ಶೇಂಗಾ ಚಟ್ನಿ ಮಾಡಿ ಮಾರಲಿಕ್ಕತ್ತೇನ್ರಿ. ಪಾವ ಕಿಲೋಕ್ಕ ಇಷ್ಟ ರೊಕ್ಕ. ಬೇಕಾದಾಗ ಫೋನ್ ಮಾಡ್ರಿ, ಬ್ಯಾಡಾದ್ರ ಏನೂ ಹೇಳೂದು ಬ್ಯಾಡ.’ ಇಷ್ಟು ಹೇಳಿ ಬೇರೆ ಮಾತಿಗೆ ಹೊರಳಿಬಿಡಬೇಕು. ಇದು ತನ್ನ ವ್ಯಾಪಾರವೆಂಬುದು ಈ ಮಾತಿನಲ್ಲೇ ಗೊತ್ತಾಗುತ್ತದೆ, ಬೆಲೆಯೂ ಮೊದಲೇ ತಿಳಿಯುತ್ತದೆ, ಮೌನವೇ ಸಾಕಷ್ಟು ಉತ್ತರವೆಂಬ ಭರವಸೆಯೂ ಸಿಗುತ್ತದೆ. ಬೆಲೆಯನ್ನು ಕೊನೆಗೆ ಹೇಳುವ ಅಭ್ಯಾಸ ಅನೇಕರಲ್ಲಿದೆ. ಕೊಳ್ಳುವವರು ಚೀಲಕ್ಕೆ ಹಾಕಿಕೊಂಡ ಮೇಲೆ ಬೆಲೆ ಕೇಳಿ, ದುಬಾರಿಯೆನಿಸಿದರೂ ಹಿಂದಿರುಗಿಸಲಾರದೆ ಒದ್ದಾಡುತ್ತಾರೆ. ಮತ್ತೆ ಹೇಳಬೇಕಾದರೆ ಹೊಸ ಕಾರಣವಿರಬೇಕು. ನಾಗರ ಪಂಚಮಿಯ ಉಂಡಿಗೆ ಮುಂಗಡ ಆರ್ಡರ್ ತೆಗೆದುಕೊಳ್ಳುವಾಗ, ಬೇಸಿಗೆಯಲ್ಲಿ ಹೊಸ ಹಪ್ಪಳ, ಸಂಡಿಗೆ ಒಣಗಿ ಸಿದ್ಧವಾದಾಗ ಒಂದು ಮಾತು ತಿಳಿಸಿದರೆ ಯಾರಿಗೂ ಕಿರಿಕಿರಿಯಾಗುವುದಿಲ್ಲ. ಕಾರಣವಿಲ್ಲದೆ ಪ್ರತಿ ಭೇಟಿಯಲ್ಲೂ ‘ಏನಾತ್ರಿ ನಮ್ಮ ವಿಚಾರ?’ ಎಂದು ಕೇಳುವುದು ಸಾಲ ವಸೂಲಿಯ ಧಾಟಿ.

ಮೊಬೈಲಿನಲ್ಲಿ ಈ ವಿವೇಕ ಇನ್ನೂ ಹೆಚ್ಚು ಬೇಕು. ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿದ ಚಿತ್ರವನ್ನು ನೋಡುವುದು, ಬಿಡುವುದು ನೋಡುವವರ ಇಚ್ಛೆ. 24 ಗಂಟೆಗಳಲ್ಲಿ ಅದು ತಾನಾಗಿಯೇ ಮರೆಯಾಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ಕಳಿಸಿದ ಸಂದೇಶ, ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಉತ್ತರ ಕೊಟ್ಟರೂ ಉಳಿದವರಿಗೆ ಕಾಣುವುದಿಲ್ಲ. ಇವೆರಡೂ ಸಭ್ಯ ದಾರಿಗಳು. ಅದನ್ನು ಬಿಟ್ಟು, ಒಪ್ಪಿಗೆ ಕೇಳದೆ ನೂರಾರು ಜನರನ್ನು ಒಂದು ಗ್ರೂಪಿಗೆ ಸೇರಿಸಿದರೆ ಹೊರಹೋಗುವವರ ಹೆಸರು ಗ್ರೂಪಿನ ಅಡ್ಮಿನ್‌ಗೆ ತಿಳಿದು ಅವರೇ ತಪ್ಪಿತಸ್ಥರಂತೆ ಕಾಣಬೇಕಾಗುತ್ತದೆ. ಮಕ್ಕಳ ಶಾಲೆಯ ಪಾಲಕರ ಗ್ರೂಪಿನಲ್ಲಿ, ಅಪಾರ್ಟ್‌ಮೆಂಟಿನ ನೀರಿನ ಗ್ರೂಪಿನಲ್ಲಿ ಸೀರೆಯ ಚಿತ್ರ ಹಾಕುವವರು, ಆ ಗ್ರೂಪನ್ನು ಬಿಡಲು ಯಾರಿಗೂ ಸಾಧ್ಯವಿಲ್ಲವೆಂಬುದನ್ನು ಚೆನ್ನಾಗಿ ಬಲ್ಲವರೇ. ನೀಲಿ ಗೆರೆ ಬಿದ್ದಿದೆ, ಉತ್ತರವಿಲ್ಲ ಎಂದರೆ ಅದನ್ನೇ ಉತ್ತರವೆಂದು ತಿಳಿಯಬೇಕು.

ಉದ್ರಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ರೊಕ್ಕ ಎಲ್ಲಿ ಹೋಗ್ತದ್ರಿ, ಮೊದಲ ಇಟ್ಕೊಳ್ರಿ’ ಎಂಬ ಮಾತು ಔದಾರ್ಯದಂತೆ ಕೇಳಿಸಿದರೂ ಪರಿಚಿತರನ್ನು ಸಿಲುಕಿಸುವುದರಲ್ಲಿ ಇದಕ್ಕೆ ಸಮನಾದ ಮಾತಿಲ್ಲ. ಕೈಯಲ್ಲಿ ಹಣವಿಲ್ಲವೆಂಬುದು ಅವರಿಗಿದ್ದ ಒಂದೇ ಗೌರವದ ನೆಪ. ಅದನ್ನೂ ನಾವು ಕಿತ್ತುಕೊಂಡಂತಾಯಿತು. ಅನಂತರ ಆ ಹಣ ಬರುವವರೆಗೆ ಕೇಳಲು ನಮಗೆ ಸಂಕೋಚ, ಎದುರಾಗಲು ಅವರಿಗೆ ಸಂಕೋಚ. ಕಂತಿನ ಸೀರೆಯಿಂದ ಮಾತು ಬಿಟ್ಟ ಅಕ್ಕಪಕ್ಕದ ಮನೆಗಳು ಯಾವ ಊರಿನಲ್ಲಿಲ್ಲ? ಉದ್ರಿ ಕೊಡುವುದೇ ಆದರೆ ಅವರಾಗಿ ಕೇಳಿದಾಗ ಕೊಟ್ಟು, ಯಾವ ದಿನ ಎಂಬುದನ್ನು ಇಬ್ಬರೂ ಬರೆದುಕೊಳ್ಳುವುದು ಒಳ್ಳೆಯದು. ಸ್ಯಾಂಪಲ್ ಕೊಡುವುದು ತಪ್ಪಲ್ಲ, ಆದರೆ ತಿನ್ನುವವರ ಮುಖವನ್ನೇ ನೋಡುತ್ತ ನಿಲ್ಲಬಾರದು, ಕೊಟ್ಟು ಹೊರಟುಬಿಡಬೇಕು.

ಒತ್ತಡ ಒಂದೇ ಕಡೆಯದಲ್ಲ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಪೇಟೆಯ ಅಂಗಡಿಯಲ್ಲಿ ಮುದ್ರಿತ ಬೆಲೆಯನ್ನು ಮಾತಿಲ್ಲದೆ ಕೊಡುವವರು ಗೆಳತಿಯ ಮನೆಯ ಚಟ್ನಿಗೆ ‘ನಮಗೂ ಅಷ್ಟ ರೇಟ್ ಏನ?’ ಎಂದು ಕೇಳುತ್ತಾರೆ. ಶೇಂಗಾ, ಎಣ್ಣೆ, ಗ್ಯಾಸು, ಡಬ್ಬಿಗಳ ಖರ್ಚು ಗಿರಾಕಿ ನೆಂಟರೆಂದು ಕಡಿಮೆಯಾಗುವುದಿಲ್ಲ, ಬೆಳಿಗ್ಗೆ ಬೇಗ ಎದ್ದು ಹುರಿಯುವವಳ ಶ್ರಮಕ್ಕೂ ಬೆಲೆಯಿದೆ. ಹಾಗೆಯೇ, ಕೊಳ್ಳುವ ಮನಸ್ಸಿಲ್ಲದಿದ್ದರೂ ‘ಮುಂದಿನ ತಿಂಗಳು ನೋಡೂಣು’ ಎಂದು ಆಸೆ ಹುಟ್ಟಿಸಿ ಕಳಿಸಿದರೆ, ಮುಂದಿನ ತಿಂಗಳು ಮತ್ತೆ ಬಂದು ಕೇಳಿದವರ ಮೇಲೆ ದೂರು ಹೇಳುವ ಹಕ್ಕು ಉಳಿಯುವುದಿಲ್ಲ. ‘ನಮಗ ಬ್ಯಾಡ್ರಿ, ಬೇಕಾದಾಗ ನಾವ ಹೇಳ್ತೇವಿ’ ಎಂಬಷ್ಟು ಸಾಕು.

ನಮ್ಮ ಕೈಕೆಳಗಿರುವವರಿಗೆ ಮಾರುವುದನ್ನಂತೂ ಯಾವ ಸೌಜನ್ಯದ ಮಾತೂ ಸರಿಪಡಿಸಲಾರದು. ಮನೆಗೆಲಸಕ್ಕೆ ಬರುವವಳು, ಬಾಡಿಗೆದಾರರು, ಕಚೇರಿಯ ಕಿರಿಯ ಸಿಬ್ಬಂದಿ, ಟ್ಯೂಷನ್‌ಗೆ ಬರುವ ಮಕ್ಕಳ ಪಾಲಕರು, ಸ್ವಸಹಾಯ ಸಂಘದಲ್ಲಿ ಸಾಲಕ್ಕಾಗಿ ಕಾದಿರುವ ಸದಸ್ಯೆ ಮುಂತಾದವರ ‘ಆಗಲಿ’ ಎಂಬ ಒಪ್ಪಿಗೆಯಲ್ಲಿ ಅಂಜಿಕೆ ಎಷ್ಟು, ಇಷ್ಟ ಎಷ್ಟು ಎಂದು ತಿಳಿಯುವ ಬಗೆಯೇ ಇಲ್ಲ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಇದನ್ನು ಮೊದಲೇ ಕಂಡುಕೊಂಡಿವೆ: ಹೆಂಡತಿಯೋ ಕುಟುಂಬದ ಬೇರೆ ಸದಸ್ಯರೋ ನಡೆಸುವ ವಿಮಾ ಏಜೆನ್ಸಿ, ಕಮಿಷನ್ ಏಜೆನ್ಸಿಯ ಪರವಾಗಿ ನೌಕರ ಪ್ರಚಾರ ಮಾಡಿದರೂ ಅದು ನಿಯಮಭಂಗವೆನಿಸುತ್ತದೆ. ಸಾಹೇಬರ ಮನೆಯವರ ಪಾಲಿಸಿಯನ್ನು ಬೇಡವೆನ್ನುವ ಗುಮಾಸ್ತ ಎಲ್ಲಿದ್ದಾನೆ?

ವಿಮೆಯ ಮಾತು ಬಂದುದರಿಂದ ಇನ್ನೊಂದು ವಿಷಯ. 2024ರ ಡಿಸೆಂಬರ್ 9ರಂದು ಪಾಣಿಪತ್‌ನಲ್ಲಿ ಪ್ರಾರಂಭವಾದ ಜೀವ ವಿಮಾ ನಿಗಮದ ‘ಬಿಮಾ ಸಖಿ’ ಯೋಜನೆಯಲ್ಲಿ ಹತ್ತನೆಯ ತರಗತಿ ಪಾಸಾದ, 18ರಿಂದ 70 ವರ್ಷದೊಳಗಿನ ಮಹಿಳೆಯರು ಏಜೆಂಟರಾಗಬಹುದು. ಷರತ್ತುಗಳಿಗೆ ಒಳಪಟ್ಟು ಮೊದಲ ವರ್ಷ ತಿಂಗಳಿಗೆ 7,000, ಎರಡನೆಯ ವರ್ಷ 6,000, ಮೂರನೆಯ ವರ್ಷ 5,000 ರೂಪಾಯಿ ಸಿಗುತ್ತದೆ. ಒಳ್ಳೆಯ ಅವಕಾಶವೇ ಸರಿ. ಆದರೆ ವರ್ಷಕ್ಕೆ ಇಷ್ಟು ಪಾಲಿಸಿ ಎಂಬ ಗುರಿ ತಲೆಯ ಮೇಲಿರುವಾಗ ಪರಿಚಿತರನ್ನು ಒಲಿಸಲು ‘ಮೊದಲನೇ ಕಂತು ನಾನೇ ತುಂಬ್ತೇನಿ’ ಎನ್ನುವ ಹಳೆಯ ಚಾಳಿ ಸುಲಭವಾಗಿ ಅಂಟಿಕೊಳ್ಳುತ್ತದೆ. 1938ರ ವಿಮಾ ಕಾಯ್ದೆಯ 41ನೆಯ ಕಲಮಿನ ಪ್ರಕಾರ ಹೀಗೆ ಏಜೆಂಟರು ತಮ್ಮ ಕಮಿಷನ್ನಿನ ಪಾಲನ್ನು ಗಿರಾಕಿಗೆ ಬಿಟ್ಟುಕೊಡುವುದೂ ಗಿರಾಕಿ ಅದನ್ನು ಪಡೆಯುವುದೂ ನಿಷಿದ್ಧ, ದಂಡ 10 ಲಕ್ಷ ರೂಪಾಯಿಯವರೆಗೆ ಆಗಬಹುದು. ಮುಲಾಜಿಗೆ ಸಹಿ ಹಾಕಿದವರಿಗೂ ದಾರಿಯಿದೆ: ಪಾಲಿಸಿಯ ದಾಖಲೆ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಬಹುದು. ಈ ಮಾತನ್ನು ಏಜೆಂಟಳೇ ಮೊದಲು ತಿಳಿಸಿದರೆ ಅವಳ ಮೇಲಿನ ನಂಬಿಕೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಈವರೆಗೆ ಹೇಳಿದ್ದೆಲ್ಲ ವಸ್ತು ಮಾರುವವರಿಗೆ. ಜನರನ್ನು ಸೇರಿಸುವ ವ್ಯಾಪಾರಕ್ಕೆ ಇದು ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಒತ್ತಡವನ್ನು ತೆಗೆದರೆ ವ್ಯಾಪಾರವೇ ನಿಲ್ಲುತ್ತದೆ. ನಾನು ಚಟ್ನಿ ಮಾರುವಾಗ ನೆರೆಯವರು ಬೇಡವೆಂದರೆ ಒಂದು ಪೊಟ್ಟಣ ಉಳಿಯುತ್ತದೆ, ಅಷ್ಟೇ. ‘ನೀವು ಆರು ಜನರನ್ನು ಸೇರಿಸಿ, ಅವರು ತಲಾ ಆರು ಜನರನ್ನು ಸೇರಿಸಲಿ’ ಎಂಬಲ್ಲಿ ಒಬ್ಬರು ಬೇಡವೆಂದರೂ ಕೆಳಗಿನ ಕೊಂಡಿಗಳೆಲ್ಲ ಇಲ್ಲವಾಗುತ್ತವೆ. ಆದುದರಿಂದ ‘ಬೇಡ’ ಎಂಬುದನ್ನು ‘ಇನ್ನೂ ಮನಸ್ಸು ತೆರೆದಿಲ್ಲ’ ಎಂದು ತಿಳಿಯಲು ಮೀಟಿಂಗುಗಳಲ್ಲಿ ಕಲಿಸುತ್ತಾರೆ. ಲೆಕ್ಕವನ್ನು ಯಾರಾದರೂ ಮಾಡಿ ನೋಡಬಹುದು: ಆರರಂತೆ ಗುಣಿಸುತ್ತ ಹೋದರೆ ಹತ್ತನೆಯ ಹಂತವೊಂದಕ್ಕೇ 6,04,66,176 ಜನ ಬೇಕು, 2011ರ ಜನಗಣತಿಯಲ್ಲಿ ಹಸುಗೂಸುಗಳೂ ಸೇರಿ ಇಡೀ ಕರ್ನಾಟಕದ ಜನಸಂಖ್ಯೆ 6,10,95,297. ಹೊಸಬರನ್ನು ಸೇರಿಸಿದ್ದಕ್ಕೇ ಲಾಭ ಕೊಡುವ ಪಿರಮಿಡ್ ಯೋಜನೆಗಳನ್ನು 2021ರ ನಿಯಮಗಳು ನಿಷೇಧಿಸಿವೆ, ಸದಸ್ಯರನ್ನು ಸೇರಿಸಿದಂತೆ ಸುಲಭವಾಗಿ ಹಣ ಬರುತ್ತದೆಂದು ಆಸೆ ತೋರಿಸುವ ‘ಹಣ ಚಲಾವಣೆ’ ಯೋಜನೆಗಳಿಗೆ 1978ರಿಂದಲೇ ಪ್ರತ್ಯೇಕ ನಿಷೇಧ ಕಾಯ್ದೆಯಿದೆ. ಸೇರಲು ಪ್ರವೇಶ ಶುಲ್ಕ ಕೇಳುವುದಕ್ಕೂ, ‘ಬೇರೆಯವರನ್ನು ಕರೆತಂದರೆ ನಿಮ್ಮ ದುಡ್ಡು ವಾಪಸ್ ಬರುತ್ತದೆ’ ಎಂದು ಹೇಳಿ ಮಾರುವುದಕ್ಕೂ ಅವಕಾಶವಿಲ್ಲ. ಹಾಗೆ ಯಾರಾದರೂ ಕೇಳಿದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಕಾಯಿಲೆಯ ಭಯ ಹುಟ್ಟಿಸಿ, ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಂದು ಪುಡಿ ಮಾರುವ ಪರಿಚಿತರಿಗಂತೂ ಯಾವ ದಾಕ್ಷಿಣ್ಯವೂ ಬೇಕಿಲ್ಲ. ಅಂಥ ಪ್ರಚಾರವನ್ನು ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ಕುರಿತ 1954ರ ಕಾಯ್ದೆಯೇ ತಡೆದಿದೆ.

ಪರಿಚಿತರನ್ನೇ ಕೊನೆಯವರೆಗೆ ನೆಚ್ಚಿಕೊಂಡಿರುವ ವ್ಯಾಪಾರ ಬೆಳೆಯುವುದೂ ಇಲ್ಲ. ಲಿಜ್ಜತ್ ಹಪ್ಪಳವನ್ನು 1959ರಲ್ಲಿ ಮುಂಬೈಯ ಏಳು ಮಹಿಳೆಯರು 80 ರೂಪಾಯಿ ಸಾಲ ಪಡೆದು ಆರಂಭಿಸಿದಾಗ ಮೊದಲ ಪೊಟ್ಟಣಗಳನ್ನು ಕೊಟ್ಟದ್ದು ಪರಿಚಯದ ವ್ಯಾಪಾರಿಯೊಬ್ಬರಿಗೇ; ಆದರೆ ನಷ್ಟವಾದರೂ ಯಾರ ಬಳಿಯೂ ದಾನ ಕೇಳಬಾರದೆಂದು ಅವರು ಆಗಲೇ ನಿರ್ಧರಿಸಿದ್ದರು. ಅಯ್ಯೋ ಪಾಪವೆಂದು ಕೊಳ್ಳುವ ಒಂದು ಪೊಟ್ಟಣವೂ ದಾನವೇ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿ, 14 ಅಂಕಿಗಳ ಆ ಸಂಖ್ಯೆಯನ್ನೂ ತೂಕ, ಬೆಲೆ, ತಯಾರಿಸಿದ ದಿನಾಂಕಗಳನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕಿಸಿದರೆ ಕಿರಾಣಿ ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಅಲ್ಲಿ ಕೊಳ್ಳುವವರು ನಮ್ಮ ಮುಖ ನೋಡಬೇಕಾಗುವುದಿಲ್ಲ, ರುಚಿ ನೋಡಿ ಕೊಳ್ಳುತ್ತಾರೆ.

ಸ್ವಸಹಾಯ ಸಂಘಗಳ ತರಬೇತಿ ಶಿಬಿರಗಳಲ್ಲಿ ತಯಾರಿಕೆ, ಪ್ಯಾಕಿಂಗ್, ಲೆಕ್ಕಪತ್ರ ಎಲ್ಲವನ್ನೂ ಕಲಿಸುತ್ತಾರೆ. ಕೇಳುವುದು ಹೇಗೆ, ಕೇಳಿ ಸುಮ್ಮನಾಗುವುದು ಹೇಗೆ ಎಂಬುದಕ್ಕೂ ಒಂದು ಗಂಟೆ ಮೀಸಲಿಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ. ಏಜೆಂಟರಾಗಲು ಬಂದವರಿಂದ ಮೊದಲ ದಿನವೇ ಬಂಧುಬಳಗ, ಪರಿಚಿತರ ಹೆಸರುಗಳ ಪಟ್ಟಿ ಬರೆಸುವುದು ಮಾರಾಟ ಕ್ಷೇತ್ರದ ಹಳೆಯ ರೂಢಿ. ಪಟ್ಟಿ ಬರೆಯಿಸಲಿ, ಆದರೆ ಅದನ್ನು ಹಿಡಿದು ಹೊರಡುವ ಮೊದಲು, ತಮಗೆ ಇಲ್ಲವೆನ್ನಲಾರದ ಸ್ಥಿತಿಯಲ್ಲಿರುವವರ ಹೆಸರುಗಳನ್ನು ಆ ಹೊಸ ಏಜೆಂಟರ ಕೈಯಿಂದಲೇ ಹೊಡೆದುಹಾಕಿಸಲಿ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗಾರ್ತಿ,
ಧಾರವಾಡ